ಮಕ್ಕಳ ಪುಸ್ತಕದ ವಯಸ್ಸು

ಹಳಗನ್ನಡದ ಒಂದೇ ಪದ್ಯಕ್ಕೆ ನಾಲ್ಕು ಓಲೆಪ್ರತಿಗಳಲ್ಲಿ ನಾಲ್ಕು ಪಾಠಗಳಿದ್ದರೆ, ಯಾವುದು ಕವಿಯದು, ಯಾವುದು ಲಿಪಿಕಾರನ ಕೈತಪ್ಪು ಎಂಬುದನ್ನು ಕುರಿತು ನಾನು ತರಗತಿಯಲ್ಲಿ ಒಂದು ಗಂಟೆ ಮಾತನಾಡಬಲ್ಲೆ. ಹೋದ ವರ್ಷ ನನ್ನ ವಿದ್ಯಾರ್ಥಿಯೊಬ್ಬನು ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ರಾಶಿಯಿಂದ ಆರಿಸಿ ತಂದ ಕೆಂಪು ರಟ್ಟಿನ ಪುಸ್ತಕವೊಂದನ್ನು ನನ್ನ ಮೇಜಿನ ಮೇಲಿಟ್ಟು, “ಸಾರ್, ಇದು ಮೊದಲನೆಯ ಮುದ್ರಣವೆ?” ಎಂದು ಕೇಳಿದಾಗ ಮಾತ್ರ ನನ್ನ ಬಾಯಿ ಕಟ್ಟಿಹೋಯಿತು. ಪುಸ್ತಕ ಲೂಯಿಸ್ ಕ್ಯಾರಲ್ಲನ ‘ಆಲಿಸ್ ಇನ್ ವಂಡರ್‌ಲ್ಯಾಂಡ್’, ನಾ. ಕಸ್ತೂರಿಯವರು ‘ಪಾತಾಳದಲ್ಲಿ ಪಾಪಚ್ಚಿ’ ಎಂದು ಕನ್ನಡಕ್ಕೆ ಕರೆತಂದ ಹುಡುಗಿಯ ಮೂಲ ಕಥೆ. ಲಂಡನ್ನಿನ ಮ್ಯಾಕ್ಮಿಲನ್ ಕಂಪನಿಯ ಪ್ರಕಟಣೆ. ರಟ್ಟಿನ ಮುಂದೆ ಹಂದಿಮರಿಯನ್ನೆತ್ತಿಕೊಂಡ ಆಲಿಸ್, ಹಿಂದೆ ನಗುವ ಬೆಕ್ಕು, ಎರಡೂ ಚಿನ್ನದ ಬಣ್ಣದಲ್ಲಿ. ನೋಡಿದರೆ ನೂರೈವತ್ತು ವರ್ಷದ ಹಳಮೆ ಎದ್ದು ಕಾಣುತ್ತಿತ್ತು.

ಉತ್ತರವು ಶೀರ್ಷಿಕೆಯ ಪುಟದಲ್ಲಿಯೇ ಇದ್ದಿತು. ಆ ಕಾಲದಲ್ಲಿ ಮ್ಯಾಕ್ಮಿಲನ್ನಿನವರು ಅಚ್ಚಾದ ಪ್ರತಿ ಎಷ್ಟನೆಯ ಸಾವಿರದ್ದೆಂಬುದನ್ನು ಅಲ್ಲಿ ನಮೂದಿಸುತ್ತಿದ್ದರು. ನಮ್ಮ ಹುಡುಗನದು ಎಂಬತ್ತು ಚಿಲ್ಲರೆ ಸಾವಿರಕ್ಕೆ ಸೇರಿದುದು. ಅವನ ಮುಖ ಬಾಡಿತು. ನನಗೋ ಹುಚ್ಚು ಹತ್ತಿತು.

ಆ ಪುಸ್ತಕದ ಮೊದಲ ಮುದ್ರಣದ ಕಥೆಯೇ ಒಂದು ಕಾದಂಬರಿ. ಆಕ್ಸ್‌ಫರ್ಡಿನ ಗಣಿತದ ಅಧ್ಯಾಪಕ ಚಾರ್ಲ್ಸ್ ಡಾಡ್ಜ್‌ಸನ್ (ಕ್ಯಾರಲ್ ಎಂಬುದು ಆತನ ಕಾವ್ಯನಾಮ) 1862ರ ಜುಲೈ 4ರಂದು ದೋಣಿಯಲ್ಲಿ ಮೂವರು ಬಾಲಕಿಯರಿಗೆ ಈ ಕಥೆಯನ್ನು ಹೇಳಿದ. ಮೂರು ವರ್ಷಗಳ ತರುವಾಯ ಸ್ವಂತ ಖರ್ಚಿನಿಂದ 2,000 ಪ್ರತಿಗಳನ್ನು ಆಕ್ಸ್‌ಫರ್ಡಿನ ಕ್ಲಾರೆಂಡನ್ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿ, ಸುಮಾರು ಐವತ್ತನ್ನು ಅವಸರದಿಂದ ರಟ್ಟು ಕಟ್ಟಿಸಿ, ಸ್ನೇಹಿತರಿಗೆ ಹಂಚತೊಡಗಿದ. ಆಗ ಚಿತ್ರಕಾರ ಜಾನ್ ಟೆನಿಯಲ್ಲನಿಂದ ಬಂದ ಕಾಗದದಲ್ಲಿ, ಚಿತ್ರಗಳ ಮುದ್ರಣ ತನಗೆ ಒಪ್ಪಿಗೆಯಾಗಿಲ್ಲವೆಂದಿತ್ತು! ಬೇರೆ ಯಾವ ಲೇಖಕನಾದರೂ ಸಮಾಧಾನ ಹೇಳಿ ಸುಮ್ಮನಾಗುತ್ತಿದ್ದನೇನೋ. ಡಾಡ್ಜ್‌ಸನ್ ಇಡೀ ಮುದ್ರಣವನ್ನೇ ತಡೆದ. ಕೊಟ್ಟ ಪ್ರತಿಗಳನ್ನು ದಯವಿಟ್ಟು ಹಿಂದಿರುಗಿಸಬೇಕೆಂದು ಸ್ನೇಹಿತರಿಗೆ ಬರೆದ. ರಿಚರ್ಡ್ ಕ್ಲೇ ಎಂಬುವರ ಮುದ್ರಣಾಲಯದಲ್ಲಿ ಹೊಸದಾಗಿ ಅಚ್ಚಾದ ಪುಸ್ತಕ 1865ರ ನವೆಂಬರಿನಲ್ಲಿ ಹೊರಬಂದಿತು. ಆದರೆ ಅದರ ಮೇಲಿರುವ ಇಸವಿ 1866!

ಇಲ್ಲಿಗೆ ಗೋಜಲು ಮುಗಿಯಲಿಲ್ಲ. ತಿರಸ್ಕೃತವಾದ ಆಕ್ಸ್‌ಫರ್ಡಿನ ಹಾಳೆಗಳನ್ನು ನ್ಯೂಯಾರ್ಕಿನ ಆಪಲ್ಟನ್ ಕಂಪನಿಗೆ ಮಾರಲಾಯಿತು. ಅವರು ಶೀರ್ಷಿಕೆಯ ಪುಟವನ್ನು ಮಾತ್ರ ಬದಲಿಸಿ, ಅದರಲ್ಲಿಯೂ 1866 ಎಂದೇ ನಮೂದಿಸಿ ಪ್ರಕಟಿಸಿದರು. ಹೀಗಾಗಿ ಒಂದೇ ಇಸವಿಯನ್ನು ಹೊತ್ತ ಎರಡು ಪುಸ್ತಕಗಳು. ಅಮೆರಿಕದಲ್ಲಿ ಹೊರಟದ್ದರ ಒಡಲು ಮೊದಲ ಮುದ್ರಣದ್ದು, ಲಂಡನ್ನಿನದೇ ಎರಡನೆಯದು. ಲಂಡನ್ನಿನ ಕೆಲವು ಪ್ರತಿಗಳಲ್ಲಿ ಪರಿವಿಡಿಯ ಕೊನೆಯ ಸಾಲಿನಲ್ಲಿ ‘ಎಸ್’ ಅಕ್ಷರದ ಮೊಳೆ ತಲೆಕೆಳಗಾಗಿದೆ. ನಮ್ಮ ಲಿಪಿಕಾರರ ಕೈತಪ್ಪಿನ ಹಾಗೆ, ಅಚ್ಚು ಜೋಡಿಸಿದವನೊಬ್ಬನ ಕಣ್ತಪ್ಪನ್ನು ಸಂಗ್ರಾಹಕರು ಇಂದಿಗೂ ಭೂತಗಾಜು ಹಿಡಿದು ಹುಡುಕುತ್ತಾರೆ. 1865 ಎಂದೇ ನಮೂದಾಗಿರುವ ಪ್ರತಿಗಳಲ್ಲಿ ಪ್ರಪಂಚದಲ್ಲಿ ಉಳಿದಿರುವವು ಇಪ್ಪತ್ತೆರಡೋ ಇಪ್ಪತ್ತಮೂರೋ.

ನನ್ನ ಮನಸ್ಸು ನಿಂತದ್ದು ಬೇರೊಂದು ವಿಷಯದಲ್ಲಿ. ಹಿಂದಿರುಗಿ ಬಂದ ಪ್ರತಿಗಳನ್ನು ಡಾಡ್ಜ್‌ಸನ್ ಮಕ್ಕಳ ಆಸ್ಪತ್ರೆಗಳಿಗೆ ಕೊಟ್ಟುಬಿಟ್ಟ. ಇಂದು ಹರಾಜಿನಲ್ಲಿ ಸಿರಿವಂತರು ಪೈಪೋಟಿಯಿಂದ ಕೊಳ್ಳುವ ಪುಸ್ತಕವು ಅಂದು ಜ್ವರದಲ್ಲಿ ಮಲಗಿದ್ದ ಮಕ್ಕಳ ಹಾಸಿಗೆಯ ಮೇಲೆ ಬಿದ್ದಿತ್ತು. ಅವರು ಅದನ್ನು ಮಡಿಸಿರಬೇಕು, ಹರಿದಿರಬೇಕು, ಔಷಧಿ ಚೆಲ್ಲಿರಬೇಕು. ಪುಸ್ತಕ ಅದಕ್ಕಾಗಿಯೇ ಹುಟ್ಟಿದ್ದಲ್ಲವೆ? ಹೊಸದರ ಹಾಗೆ ಉಳಿದುಬಂದ ಮಕ್ಕಳ ಪುಸ್ತಕವೆಂದರೆ ಬಹುಪಾಲು ಯಾವ ಮಗುವೂ ಮೆಚ್ಚದೆ ಬಿಟ್ಟ ಪುಸ್ತಕ. ಸಂಗ್ರಾಹಕನಿಗೆ ಬೇಕಾದುದು ಅದೇ ಎಂಬುದು ಈ ಹವ್ಯಾಸದ ಒಂದು ವಿಪರ್ಯಾಸ.

ಬೀಟ್ರಿಕ್ಸ್ ಪಾಟರಳ ‘ಪೀಟರ್ ರ‍್ಯಾಬಿಟ್’ ಎಂಬ ಮೊಲದ ಕಥೆಯೂ ಇಂಥದೇ. ಪ್ರಕಾಶಕರು ಬೇಡವೆಂದಾಗ ಆಕೆಯೇ 1901ರ ಡಿಸೆಂಬರಿನಲ್ಲಿ 250 ಪ್ರತಿಗಳನ್ನು ಅಚ್ಚು ಮಾಡಿಸಿ ಬಂಧುಮಿತ್ರರಿಗೆ ಹಂಚಿದಳು. ಎರಡು ತಿಂಗಳಲ್ಲಿ ಇನ್ನೂ 200. ಮೊದಲನೆಯದರ ಬೆನ್ನು ಚಪ್ಪಟೆ, ಎರಡನೆಯದರ ಬೆನ್ನು ದುಂಡು. ಫ್ರೆಡರಿಕ್ ವಾರ್ನ್ ಕಂಪನಿ 1902ರ ಅಕ್ಟೋಬರಿನಲ್ಲಿ ಬಣ್ಣದ ಚಿತ್ರಗಳೊಡನೆ ಹೊರತಂದ ಪುಸ್ತಕದಿಂದ ಮರುವರ್ಷ ನಾಲ್ಕು ಚಿತ್ರಗಳನ್ನು ತೆಗೆದುಹಾಕಲಾಯಿತು. ಅವು ಇದ್ದರೆ ಹಳೆಯದು, ಇಲ್ಲದಿದ್ದರೆ ಆಮೇಲಿನದು.

ಇಂಗ್ಲಿಷ್ ಪುಸ್ತಕಗಳಿಗಾದರೆ ಹೀಗೆ ಮೊಳೆ ಮೊಳೆಗೂ ಲೆಕ್ಕವಿಟ್ಟವರುಂಟು. ನಮ್ಮ ಮಕ್ಕಳ ಪುಸ್ತಕಗಳಿಗೆ ಅಂತಹ ಲೆಕ್ಕ ಅಪರೂಪ. ‘ಆವೃತ್ತಿ’, ‘ಮುದ್ರಣ’ ಎಂಬ ಮಾತುಗಳನ್ನೇ ನಮ್ಮ ಪ್ರಕಾಶಕರು ಅದಲುಬದಲಾಗಿ ಬಳಸಿದ್ದಾರೆ. ತಿದ್ದುಪಡಿಯಾದರೆ ಆವೃತ್ತಿ, ಇದ್ದುದನ್ನೇ ಮತ್ತೆ ಒತ್ತಿದರೆ ಮುದ್ರಣ. ಆದರೆ ‘ಎರಡನೆಯ ಆವೃತ್ತಿ’ ಎಂಬುದನ್ನು ನಂಬಿ ತಿದ್ದುಪಡಿ ಹುಡುಕಿ ಸೋತವನು ನಾನು. ಇನ್ನು ಹಳೆಯ ಪ್ರತಿಯ ಶೀರ್ಷಿಕೆಯ ಪುಟವೇ ಇಲ್ಲದಿದ್ದರೆ ಇಸವಿಯನ್ನು ಹೇಳುವವರಾರು?

ಬೆಲೆ ಹೇಳುತ್ತದೆ. ರೂಪಾಯಿಗೆ ನೂರು ಪೈಸೆಯ ಲೆಕ್ಕ 1957ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಬೆಲೆ ಆಣೆಗಳಲ್ಲಿ ಅಚ್ಚಾಗಿದ್ದರೆ ಪುಸ್ತಕವು ಸಾಮಾನ್ಯವಾಗಿ ಅದಕ್ಕಿಂತ ಹಿಂದಿನದು. ‘ನ.ಪೈ.’ ಎಂದಿದ್ದರೆ, 1964ರ ಜೂನಿನಲ್ಲಿ ಆ ‘ನಯಾ’ ಬಿದ್ದುಹೋದುದರಿಂದ, ನಡುವಣ ಏಳು ವರ್ಷಗಳದು. (ರಬ್ಬರ್ ಮೊಹರಿನಲ್ಲಿ ಒತ್ತಿದ ಬೆಲೆಯನ್ನು ನಂಬಬಾರದು; ಅದು ಉಳಿಕೆ ಮಾಲಿಗೆ ವ್ಯಾಪಾರಿ ಹಾಕಿದ ಹೊಸ ದರ.) ಮಂಗಳೂರಿನ ಪುಸ್ತಕದ ಮೇಲೆ ಮದ್ರಾಸು ವಿದ್ಯಾ ಇಲಾಖೆಯ, ಧಾರವಾಡದ್ದರ ಮೇಲೆ ಮುಂಬಯಿಯ ಮಂಜೂರಾತಿ ಕಂಡರೆ 1956ರ ನವೆಂಬರಿಗೆ ಹಿಂದಿನದೆಂದು ಊಹಿಸಬಹುದು. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟಿಗೆ ಮುಂಚಿನದಲ್ಲ.

ಕೆಲವು ಸಲ ಒಂದು ಸಂಖ್ಯೆಯೇ ಕಥೆ ಹೇಳುತ್ತದೆ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಗಳ ಹೆಸರಿನೊಡನೆ ದೇಶವೆಲ್ಲ ಬಲ್ಲ ಇಂಗ್ಲಿಷ್ ‘ಅಮರ ಚಿತ್ರಕಥೆ’ಯ ‘ಕೃಷ್ಣ’ನ ಸಂಖ್ಯೆ 11. ಒಂದರಿಂದ ಹತ್ತು ಎಲ್ಲಿ? ಅವು ಇಂಗ್ಲಿಷಿನಲ್ಲಿ ಹೊರಡಲೇ ಇಲ್ಲ. ಇಂಡಿಯಾ ಬುಕ್ ಹೌಸಿನ ಬೆಂಗಳೂರಿನ ಜಿ. ಕೆ. ಅನಂತರಾಮ್ ಅವರು 1965ರಲ್ಲಿ ಹೊರತಂದ ಮೊದಲ ಹತ್ತು ಪುಸ್ತಕಗಳು ಕನ್ನಡದವು. ಪಾಶ್ಚಾತ್ಯ ಕಿನ್ನರಕಥೆಗಳ ಅನುವಾದಗಳು. ಮುಂದೆ ‘ಕೃಷ್ಣ’ನ ಮುದ್ರಣಗಳ ಮೇಲೆ 501 ಎಂಬ ಸಂಖ್ಯೆ ಬಂದಿತು. ಹನ್ನೊಂದನ್ನು ಕಂಡು ಹಿಂದಿನ ಹತ್ತು ಏನಾದುವೆಂದು ಕೇಳುವ ಅವಕಾಶವೂ ಅಲ್ಲಿಗೆ ಹೋಯಿತು. ಆ ಹತ್ತು ಕನ್ನಡ ಪುಸ್ತಕಗಳಲ್ಲಿ ಒಂದಾದರೂ ನಮ್ಮ ಯಾವುದಾದರೊಂದು ಅಟ್ಟದ ಮೇಲೆ ಇದ್ದೀತೆಂದು ನನಗೆ ಇಂದಿಗೂ ಆಸೆ.

ಇಷ್ಟು ಪಾಂಡಿತ್ಯ ಬರುವ ಮೊದಲೇ ನಾನೊಂದು ಅಪರಾಧ ಮಾಡಿದ್ದೆ. ನನ್ನ ತಾಯಿ ಚಿಕ್ಕವಳಿದ್ದಾಗ ಓದಿದ ಕಥೆಯ ಪುಸ್ತಕವೊಂದು ನಮ್ಮ ಮನೆಯಲ್ಲಿತ್ತು. ಶೀರ್ಷಿಕೆಯ ಪುಟ ಎಂದೋ ಹೋಗಿತ್ತು, ಹೊದಿಕೆ ಜೋತುಬಿದ್ದಿತ್ತು. ತಾಯಿ ತೀರಿಕೊಂಡ ವರ್ಷ ಅದನ್ನು ರಟ್ಟು ಕಟ್ಟುವವರ ಅಂಗಡಿಗೆ ಒಯ್ದು, “ಚೆಂದವಾಗಿ ಕಟ್ಟಿಕೊಡಿ” ಎಂದೆ. ಆತ ಚೆಂದವಾಗಿಯೇ ಕಟ್ಟಿಕೊಟ್ಟ. ಹಳೆಯ ಹೊದಿಕೆಯನ್ನು ಕಿತ್ತೆಸೆದು, ಮೂರು ಕಡೆಯ ಅಂಚುಗಳನ್ನೂ ನೀಟಾಗಿ ಕತ್ತರಿಸಿದ್ದ. ಹಿಂದಿನ ಹೊದಿಕೆಯಲ್ಲಿ ಅಚ್ಚಾಗಿದ್ದ ಬೆಲೆ ‘75 ನ.ಪೈ.’ ಎಂದು ನನಗೆ ನೆನಪು; ಈಗ ಅದಕ್ಕೆ ನನ್ನ ನೆನಪಿನ ಹೊರತು ಬೇರೆ ಸಾಕ್ಷಿಯಿಲ್ಲ. ಮೂರನೆಯ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಅವಳು ಬರೆದುಕೊಂಡಿದ್ದ ಹೆಸರಿನಲ್ಲಿ ಕೊನೆಯ ಎರಡು ಅಕ್ಷರಗಳು ಉಳಿದಿವೆ. ಅವುಗಳ ಕೆಳಗೆ, ಕತ್ತರಿಗೆ ಸಿಗದೆ, ‘4ನೇ ಕ್ಲಾಸು’ ಎಂದಿದೆ.