ಮೊದಲ ಔಷಧಿಗೆ ಮುನ್ನ ಕೇಳಬೇಕಾದ ಪ್ರಶ್ನೆ

ಕಲಬುರಗಿಯನ್ನು ಇನ್ನೂ ಗುಲಬರ್ಗಾ ಎನ್ನುತ್ತಿದ್ದ ಕಾಲ. ನಾನು ಅಲ್ಲಿ ಸೇವೆಯಲ್ಲಿದ್ದಾಗ ಜೇವರ್ಗಿ ಕಡೆಯ ಹೆಣ್ಣುಮಗಳೊಬ್ಬಳು ಅಹವಾಲು ಹೇಳಿಕೊಳ್ಳಲು ಬಂದಿದ್ದಳು. ಮಕ್ಕಳಾಗಲಿಲ್ಲವೆಂದು ಗಂಡನ ಮನೆಯವರು ಆಕೆಯನ್ನು ತವರಿಗೆ ಅಟ್ಟಿದ್ದರು. ಮದುವೆಗೆ ಮೊದಲು ಗಂಡ ಕ್ಯಾನ್ಸರ್ ಚಿಕಿತ್ಸೆ ಪಡೆದು ಗುಣಮುಖನಾಗಿದ್ದ ಎಂಬುದು ಮಾತಿನ ನಡುವೆ ತಿಳಿಯಿತು. ಆ ಚಿಕಿತ್ಸೆಗೂ ಸಂತಾನಹೀನತೆಗೂ ನಂಟಿರಬಹುದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ನನಗೂ ಅಂದು ಹೊಳೆಯಲಿಲ್ಲ. ಜೀವನಾಂಶಕ್ಕೆ ಅರ್ಜಿ ಹಾಕುವ ದಾರಿ ತೋರಿಸಿ ಕಳುಹಿಸಿದೆ.

ಯುವಕರನ್ನು ಕಾಡುವ ವೃಷಣದ ಕ್ಯಾನ್ಸರ್, ಹಾಡ್ಜ್‌ಕಿನ್ ಲಿಂಫೋಮಾಗಳಿಗೆ ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಬಹುಪಾಲು ಮಂದಿ ಗುಣಮುಖರಾಗುತ್ತಾರೆ. ಆದರೆ ಸೈಕ್ಲೋಫಾಸ್ಫಮೈಡ್‌ನಂತಹ ಔಷಧಿಗಳೂ ವೃಷಣಕ್ಕೆ ತಗಲುವ ವಿಕಿರಣವೂ ವೀರ್ಯಾಣು ಉತ್ಪಾದಿಸುವ ಕೋಶಗಳನ್ನು ಹಾನಿಗೊಳಿಸಬಲ್ಲವು. ಕೆಲವರಲ್ಲಿ ಆ ಸಾಮರ್ಥ್ಯ ಕೆಲ ವರ್ಷಗಳಲ್ಲಿ ಮರಳುತ್ತದೆ; ಕೆಲವರಲ್ಲಿ ಎಂದೂ ಮರಳುವುದಿಲ್ಲ. ಯಾರಲ್ಲಿ ಹೇಗೆಂದು ಮುಂಚಿತವಾಗಿ ಖಚಿತವಾಗಿ ಹೇಳಲಾಗದು.

ಇದಕ್ಕೆ ಪರಿಹಾರ ಹೊಸದೇನಲ್ಲ. ಶೈತ್ಯೀಕರಿಸಿದ ವೀರ್ಯದಿಂದ ಗರ್ಭಧಾರಣೆ ಸಾಧ್ಯವೆಂದು ಅಮೆರಿಕದ ಅಯೋವಾದಲ್ಲಿ 1953ರಲ್ಲೇ ಸಾಬೀತಾಯಿತು. ಚಿಕಿತ್ಸೆಗೆ ಮುನ್ನ ಪಡೆದ ಮಾದರಿಯನ್ನು ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಲ್ಲಿ ಇರಿಸಿದರೆ ಇಪ್ಪತ್ತು ವರ್ಷಗಳ ನಂತರವೂ ಬಳಸಬಹುದು. ಮಾದರಿಯಲ್ಲಿ ವೀರ್ಯಾಣುಗಳು ಕಡಿಮೆಯಿದ್ದರೂ, ಒಂದನ್ನೇ ಅಂಡಾಣುವಿನೊಳಗೆ ಸೇರಿಸುವ ವಿಧಾನ 1992ರಲ್ಲೇ ಫಲ ಕೊಟ್ಟಿದೆ. ಪ್ರೌಢಾವಸ್ಥೆಗೆ ಬಾರದ ಬಾಲಕರಿಗೆ ಈ ದಾರಿಯಿಲ್ಲ. ಉಳಿದವರಲ್ಲಿ ಸಾಮಾನ್ಯವಾಗಿ ಶಸ್ತ್ರಕ್ರಿಯೆಯೂ ಬೇಕಿಲ್ಲ. ಒಂದೆರಡು ದಿನ ಸಾಕು.

ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಆಳಂದ, ಅಫಜಲಪುರ, ಜೇವರ್ಗಿಗಳೂ ಸೇರಿವೆ. ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಘಟಕವಿರುವುದರಿಂದ ಇಲ್ಲಿನ ರೋಗಿಗಳೆಲ್ಲರೂ ಬೆಂಗಳೂರಿಗೇ ಅಲೆಯಬೇಕಾಗಿಲ್ಲ. ಆದರೆ ದಿನಗೂಲಿ ಬಿಟ್ಟು ಬರುವ ಕುಟುಂಬ ಜೀವ ಉಳಿದರೆ ಸಾಕೆಂದು ಪ್ರಾರ್ಥಿಸುತ್ತಿರುವಾಗ, ಮುಂದೆ ಮಕ್ಕಳು ಬೇಕೇ ಎಂದು ಹಿರಿಯರ ಎದುರು ಯುವಕನನ್ನು ಕೇಳಲು ಎಲ್ಲರಿಗೂ ಸಂಕೋಚ. ಗಾಣಗಾಪುರಕ್ಕೂ ಆಳಂದದ ದರ್ಗಾಕ್ಕೂ ಸಂತಾನದ ಹರಕೆ ಹೊತ್ತು ಹೋಗುವ ಸೀಮೆಯಲ್ಲಿ, ಆ ಸಂಕೋಚದ ಬೆಲೆ ತೆರುವವಳು ಮುಂದೆ ಬರುವ ಹೆಂಡತಿ.

ಆದ್ದರಿಂದ ಮಾಡಬೇಕಾದುದು ಮೂರು. ಮೊದಲನೆಯದು, ಚಿಕಿತ್ಸೆಯ ಒಪ್ಪಿಗೆ ಪತ್ರದಲ್ಲೇ ಈ ಪ್ರಶ್ನೆ ಅಚ್ಚಾಗಿರಲಿ. ರೋಗಿಯನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು ಕೇಳಲಿ. ಎರಡನೆಯದು, 2021ರ ಸಂತಾನೋತ್ಪತ್ತಿ ನೆರವು ತಂತ್ರಜ್ಞಾನ ಕಾಯ್ದೆಯ ಪ್ರಕಾರ ನೋಂದಾಯಿತ ವೀರ್ಯ ಬ್ಯಾಂಕಿನೊಡನೆ ಜಿಲ್ಲಾ ಮಟ್ಟದಲ್ಲೇ ಒಪ್ಪಂದವಾಗಲಿ. ಮೂರನೆಯದು, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಒದಗಿಸುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯು ಮಾದರಿ ಸಂಗ್ರಹ ಹಾಗೂ ವಾರ್ಷಿಕ ಶುಲ್ಕವನ್ನು ಭರಿಸಲಿ. ಅರ್ಥಶಾಸ್ತ್ರ ಓದಿದವನಾಗಿ ಹೇಳುವುದಾದರೆ, ಮರಳಿ ಪಡೆಯಲಾಗದ ನಷ್ಟವನ್ನು ಸಣ್ಣ ವೆಚ್ಚದಿಂದ ತಡೆಯಬಹುದಾದಾಗ ಆ ವೆಚ್ಚ ದುಂದಲ್ಲ.

ಆ ಪ್ರಶ್ನೆಯನ್ನು ಅಂದು ಯಾರಾದರೂ ಕೇಳಿದ್ದರೆ, ಆ ಹೆಣ್ಣುಮಗಳು ಬಹುಶಃ ನನ್ನ ಕಚೇರಿಯ ಮೆಟ್ಟಿಲು ಹತ್ತಬೇಕಿರಲಿಲ್ಲ.