ಹುಣ್ಣಿನ ಅಂಚು

ಬೇತಮಂಗಲದ ಕೆರೆಯ ನಡುನೀರಿನಲ್ಲಿ ನಾಮದ ಕೋಳಿಗಳು ತೇಲುತ್ತಿರುತ್ತವೆ, ಅಷ್ಟೆ. ನನ್ನ ಕಣ್ಣಿಗೆ ಕೆಲಸ ಇರುವುದು ಅಂಚಿನಲ್ಲಿ. ಪಾಲಾರಿನ ನೀರು ಹಿಂದೆ ಸರಿದಲ್ಲಿ ಉಳಿಯುವ ಬೂದುಗಪ್ಪು ಕೆಸರಿನ ಪಟ್ಟಿಯ ಮೇಲೆ ಮೆಟ್ಟುಗಾಲು ಹಕ್ಕಿ ತನ್ನ ಗುಲಾಬಿ ಕಾಲನ್ನು ಮಡಿಸಿ, ತಡೆದು, ಮತ್ತೆ ಊರುತ್ತದೆ. ಗೊರವ ಬಾಲ ಕುಣಿಸುತ್ತ ನೀರಿನ ಗೆರೆಯನ್ನೇ ಹಿಡಿದು ನಡೆಯುತ್ತದೆ. ಕೆಜಿಎಫ್ ಗಣಿಯ ಊರುಗಳಿಗೆ ಒಂದು ಕಾಲಕ್ಕೆ ನೀರು ಹೋಗುತ್ತಿದ್ದುದು ಈ ಕೆರೆಯಿಂದ. ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು. ಏರಿಯ ಮೇಲೆ ದನ ಬಿಟ್ಟುಕೊಂಡು ಕೂರುವವರು ಈಗಲೂ ಇದ್ದಾರೆ. ಅವರಲ್ಲಿ ಒಬ್ಬರು ತಾತ, ನನ್ನ ಪಕ್ಕದಲ್ಲೇ ಕೂರುತ್ತಿದ್ದರು. ಹಾಗಾಗಿ ಹಕ್ಕಿಗಳ ಜೊತೆಗೆ ಅವರ ಬಲಗಾಲನ್ನೂ ನಾನು ಬಹಳ ಕಾಲ ನೋಡಿದ್ದೇನೆ.

ಮೊಣಕಾಲಿಗೂ ಗಿಣ್ಣಿಗೂ ನಡುವೆ, ಮುಂಭಾಗದಲ್ಲಿ, ಅಂಗೈಯಗಲದ ಹಳೆಯ ಕಲೆ. ಹುಡುಗನಾಗಿದ್ದಾಗ ಆಲೆಮನೆಯ ಕೊಪ್ಪರಿಗೆಯಿಂದ ಕುದಿಯುವ ಕಬ್ಬಿನ ಹಾಲು ಚೆಲ್ಲಿದ್ದಂತೆ. ಸುತ್ತಲಿನ ಚರ್ಮ ಕಡುಗಂದು; ಕಲೆ ಮಾತ್ರ ಅಲ್ಲಲ್ಲಿ ಮಾಸಲು ಬಿಳಿ, ಅಲ್ಲಲ್ಲಿ ತಾಮ್ರದ ಕೆಂಪು. ಒಂದು ಕೂದಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಮೀನಖಂಡದ ಮೇಲೆಲ್ಲ ಬೆವರು ಹನಿಗಟ್ಟಿದರೂ ಕಲೆಯ ಗಡಿಗೆ ಬಂದು ನಿಂತುಬಿಡುತ್ತಿತ್ತು; ಅದರ ಮೇಲೆ ಹನಿಯಿಲ್ಲ, ಬರೀ ಹೊಳಪು. ಒಂದು ಸಲ ಕಟ್ಟಿರುವೆಯೊಂದು ಕಾಲು ಹತ್ತಿತು. ಅದು ಕಲೆಯನ್ನು ಅಡ್ಡಹಾಯುವಷ್ಟು ಹೊತ್ತೂ ತಾತ ಹಸುವಿನ ಕಡೆ ನೋಡುತ್ತ ಸುಮ್ಮನಿದ್ದರು. ಆಚೆಯ ಒಳ್ಳೆಯ ಚರ್ಮಕ್ಕೆ ಕಾಲಿಟ್ಟ ಕೂಡಲೇ ಅವರ ಕೈ ತಾನಾಗಿ ಅಲ್ಲಿಗೆ ಹೋಯಿತು. ಸುಟ್ಟ ಚರ್ಮದಲ್ಲಿ ನರದ ತುದಿಗಳು ಮತ್ತೆ ಸರಿಯಾಗಿ ಬೆಳೆದಿರಲಿಲ್ಲ.

ಮಾಗಿಯ ಚಳಿಗೆ ಆ ಕಲೆ ಬಿರಿಯುತ್ತಿತ್ತು. ಅರಿಶಿನ ಹಚ್ಚುತ್ತಿದ್ದರು. ಜೇನುಗಂದು ಹಕ್ಕಳೆ ಕಟ್ಟಿ, ಉದುರಿ, ಯುಗಾದಿಯ ಹೊತ್ತಿಗೆ ಮುಚ್ಚಿಕೊಳ್ಳುತ್ತಿತ್ತು. ಮಾಯುವ ಗಾಯದ ಅಂಚು ನೋಡಲು ಚೆಂದ: ನೀಲಿ ಬೆರೆತ ಬಿಳಿಯ ತೆಳುಪೊರೆ ಸುತ್ತಲಿಂದ ಇಳಿಜಾರಾಗಿ ಒಳಮುಖವಾಗಿ ಹರಿದುಬರುತ್ತದೆ, ದಿನಕ್ಕೆ ಕಾಣದಷ್ಟು, ವಾರಕ್ಕೆ ಕಾಣುವಷ್ಟು.

ಒಂದು ವರ್ಷ ಯುಗಾದಿ ಕಳೆದರೂ ಅದು ಮುಚ್ಚಲಿಲ್ಲ. ಮುಂಗಾರು ಬಂದಾಗ ಅಂಚು ದಪ್ಪವಾಗಿ ಮೇಲೆದ್ದಿತು. ಆಮೇಲೆ ಹೊರಕ್ಕೆ ಮಗುಚಿಕೊಂಡಿತು. ಬಣ್ಣ ಎಳೆಗೆಂಪಿನಿಂದ ಮಬ್ಬುಗುಲಾಬಿಗೆ ತಿರುಗಿತು. ಮೈಯೆಲ್ಲ ಸಣ್ಣ ಸಣ್ಣ ಗಂಟು, ನಡುವೆ ಹಳದಿ ಬೂದು ಪೊರೆ. ಪಂಚೆಯ ಸೆರಗು ತಗುಲಿದರೆ ಸಾಕು, ರಕ್ತ ಜಿನುಗುತ್ತಿತ್ತು. ಹಸಿರು ನೊಣಗಳು ಒಣಗಿದ ಹಕ್ಕಳೆಯನ್ನು ಬಿಟ್ಟು ಆ ತೇವದ ಅಂಚಿಗೇ ಬಂದು ಕೂತು, ಮುಂಗಾಲು ಉಜ್ಜಿಕೊಂಡು, ಸೊಂಡಿಲು ಇಳಿಸಿ, ಓಡಿಸಿದರೆ ಒಂದು ಸುತ್ತು ಹಾಕಿ ಅಲ್ಲಿಗೇ ಮರಳುತ್ತಿದ್ದವು. ವಾಸನೆ ನನಗಿಂತ ಮೊದಲು ಅವುಗಳಿಗೆ ಗೊತ್ತಾಗಿತ್ತು.

"ನೋವೇ ಇಲ್ಲ ಕಣಪ್ಪ, ಇದಕ್ಯಾಕೆ ಆಸ್ಪತ್ರೆ?" ಎನ್ನುತ್ತಿದ್ದರು ತಾತ. ಕೊನೆಗೆ ಅವರನ್ನು ಹೊರಡಿಸಿದ್ದು ಸೊಸೆ. ಆಕೆಗೆ ವಾಸನೆ ಸಹಿಸಲಾಗಿರಲಿಲ್ಲ, ಅದನ್ನು ಬಾಯಿಬಿಟ್ಟು ಹೇಳಿದ ಧೈರ್ಯ ದೊಡ್ಡದು. ಬಂಗಾರಪೇಟೆಯಿಂದ ಬೆಂಗಳೂರಿನ ರೈಲು ಹಿಡಿದು ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋದೆವು. 1973ರಲ್ಲಿ ಆರಂಭವಾದ ಆ ಆಸ್ಪತ್ರೆಯ ಹೆಸರನ್ನು ನಮ್ಮ ಕಡೆ ಈಗಲೂ ದನಿ ತಗ್ಗಿಸಿಯೇ ಹೇಳುತ್ತಾರೆ.

ಡಾಕ್ಟರು ಹುಣ್ಣಿನ ನಡುವನ್ನು ಅರೆಕ್ಷಣ ನೋಡಿ ಬಿಟ್ಟರು. ಕೈಗವಸಿನ ಬೆರಳಿನಿಂದ ಅಂಚನ್ನು ಸುತ್ತಲೂ ನಿಧಾನವಾಗಿ ಒತ್ತುತ್ತ ಹೋದರು. ಎಲ್ಲಿ ಗಡುಸು, ಎಲ್ಲಿ ಮೆದು, ಬುಡ ಮೂಳೆಗೆ ಅಂಟಿದೆಯೋ ಅಲುಗುತ್ತದೆಯೋ. ಆಮೇಲೆ ತೊಡೆಸಂದಿಯನ್ನು ಮುಟ್ಟಿ ನೋಡಿದರು. ಕಾಲಿನ ದುಗ್ಧನಾಳಗಳೆಲ್ಲ ಅಲ್ಲಿನ ಗ್ರಂಥಿಗಳಿಗೇ ಹೋಗಿ ಸೇರುವುದು. ಒಂದು ಗ್ರಂಥಿ ಊದಿತ್ತು. ಕೀವಿನ ನಂಜಿಗೂ ಹಾಗೆ ಊದುತ್ತದೆ, ಹಾಗಾಗಿ ಸೂಜಿ ಹಾಕಿ ನೋಡಿದರು, ನಂಜೇ ಆಗಿತ್ತು.

ಸುಟ್ಟ ಕಲೆಯಲ್ಲಿ ಏಳುವ ಇಂಥ ಕ್ಯಾನ್ಸರ್ ಹುಣ್ಣನ್ನು ಮಾರ್ಜೊಲಿನ್ ಹುಣ್ಣು ಎನ್ನುತ್ತಾರೆ. ಫ್ರಾನ್ಸಿನ ಜಾಂ ನಿಕೊಲಾ ಮಾರ್ಜೊಲಿನ್ 1828ರಲ್ಲಿ ಕಲೆಯ ಮೇಲಿನ ಹುಣ್ಣುಗಳನ್ನು ವರ್ಣಿಸಿ ಬರೆದ. ಅದು ಕ್ಯಾನ್ಸರ್ ಎಂದು ಅವನು ಹೇಳಿರಲಿಲ್ಲ. ಹೇಳದಿದ್ದರೂ, ಕಂಡದ್ದನ್ನು ಕಂಡಷ್ಟೇ ಬರೆದಿಟ್ಟವನ ಹೆಸರು ಉಳಿದದ್ದು ನನಗೆ ಸರಿ ಅನ್ನಿಸುತ್ತದೆ. ಬಿಳಿಯ ಮೈಬಣ್ಣದವರಲ್ಲಿ ಚರ್ಮದ ಕ್ಯಾನ್ಸರಿಗೆ ಬಿಸಿಲೇ ಮುಖ್ಯ ಕಾರಣ. ನಮ್ಮ ಕಪ್ಪು ಚರ್ಮದ ಬಣ್ಣದ ಕಣಗಳು ಬಿಸಿಲನ್ನು ಬಹುಮಟ್ಟಿಗೆ ತಡೆಯುತ್ತವೆ; ಹಳೆಯ ಸುಟ್ಟ ಕಲೆ, ವರ್ಷಗಟ್ಟಲೆ ಮಾಯದ ಹುಣ್ಣು, ಇವನ್ನು ತಡೆಯುವುದಿಲ್ಲ. ಸುಟ್ಟದ್ದಕ್ಕೂ ಕ್ಯಾನ್ಸರಿಗೂ ನಡುವೆ ಸಾಮಾನ್ಯವಾಗಿ ಮೂವತ್ತು ವರ್ಷ ಕಳೆಯುತ್ತದೆ, ಕೆಲವರಲ್ಲಿ ಇನ್ನೂ ಹೆಚ್ಚು.

ಬಯಾಪ್ಸಿಗೆ ತುಣುಕು ತೆಗೆದದ್ದೂ ಅಂಚಿನಿಂದಲೇ, ಒಳ್ಳೆಯ ಚರ್ಮ ಒಂದಿಷ್ಟು ಸೇರಿಸಿ, ಎರಡು ಮೂರು ಕಡೆ. ನಡುವಿನ ಪೊರೆ ಸತ್ತದ್ದು. ಅದರಿಂದ ಏನೂ ತಿಳಿಯುವುದಿಲ್ಲ. ಮುಂದೆ ಆ ತುಣುಕಿನ ಗಾಜಿನ ಸ್ಲೈಡನ್ನು ಪರಿಚಯದ ವೈದ್ಯರೊಬ್ಬರು ಸೂಕ್ಷ್ಮದರ್ಶಕದಡಿ ತೋರಿಸಿದರು. ಕೋಶಕೇಂದ್ರಗಳಿಗೆ ನೀಲಿನೇರಳೆ ಕೊಡುವ ಬಣ್ಣ ಮಧ್ಯ ಅಮೆರಿಕದ ಒಂದು ಮರದ ಚೇಗಿನಿಂದ ಬರುವುದು ಎಂದಾಗ ನನಗೆ ಕಾಡು ನೆನಪಾಯಿತು. ಒಂದು ಪಕ್ಕದಲ್ಲಿ ಒಳ್ಳೆಯ ಚರ್ಮ, ಬುಡದಲ್ಲಿ ಒತ್ತಾಗಿ ನಿಂತ ಕೋಶಗಳು, ಮೇಲೇರುತ್ತ ಚಪ್ಪಟೆಯಾಗಿ ಕೊನೆಗೆ ಪದರವಾಗಿ ಉದುರುವ ಕ್ರಮ. ಸ್ಲೈಡನ್ನು ಸ್ವಲ್ಪ ಸರಿಸಿದರೆ ಅದೇ ಕೋಶಗಳು ಗಡಿಯ ಪೊರೆ ದಾಟಿ ನಾಲಗೆ ನಾಲಗೆಯಾಗಿ ಕೆಳಗಿಳಿದಿವೆ. ಮೇಲಕ್ಕೆ ಹೋಗಿ ಉದುರಬೇಕಿದ್ದ ಕೆರಟಿನ್, ಉಗುರಿನಲ್ಲೂ ಹಕ್ಕಿಯ ಕೊಕ್ಕಿನಲ್ಲೂ ಇರುವುದೇ, ಆಳದಲ್ಲಿ ಸಿಕ್ಕಿಕೊಂಡು ಸುತ್ತಿನೊಳಗೆ ಸುತ್ತಾಗಿ ಗಾಢ ಗುಲಾಬಿಯ ಉಂಡೆ ಕಟ್ಟಿತ್ತು. ವೈದ್ಯರು ಅದನ್ನು ಮುತ್ತು ಎನ್ನುತ್ತಾರೆ. ನೋಡಲು ಸುಂದರವಾಗಿತ್ತು ಎಂದು ಬರೆಯಲು ಹಿಂಜರಿಕೆ. ಆದರೆ ಸುಂದರವಾಗಿಯೇ ಇತ್ತು.

ಎಕ್ಸ್-ರೇಯಲ್ಲಿ ಮೂಳೆ ಕೆಟ್ಟಿರಲಿಲ್ಲ. ಕಣಕಾಲಿನ ಮುಂಭಾಗದಲ್ಲಿ ಚರ್ಮದ ಕೆಳಗೇ ಮೂಳೆ, ನಡುವೆ ಮಾಂಸವಿಲ್ಲ. ಹುಣ್ಣು ಮೂಳೆಯೊಳಗೆ ಇಳಿದಿದ್ದರೆ ಕಾಲನ್ನೇ ತೆಗೆಯಬೇಕಾಗಬಹುದಿತ್ತು. ಆಪರೇಷನ್ ಕೋಣೆಯೊಳಗೆ ನನಗೆ ಪ್ರವೇಶವಿರಲಿಲ್ಲ. ಕೇಳಿ ತಿಳಿದದ್ದನ್ನು ಬರೆಯುತ್ತೇನೆ. ಕಣ್ಣಿಗೆ ಕಾಣುವ ಅಂಚಿನಿಂದ ಹೊರಗೆ ಎರಡು ಸೆಂಟಿಮೀಟರ್ ಅಳೆದು ಶಾಯಿಯಲ್ಲಿ ಗೆರೆ ಎಳೆದರು. ಆ ಗೆರೆಯ ಮೇಲೆ ಕೊಯ್ದು, ಮೂಳೆಯ ಮೇಲಿನ ತೆಳುಪೊರೆಯನ್ನು ಮಾತ್ರ ಉಳಿಸಿ, ಕಲೆ ಹುಣ್ಣು ಎಲ್ಲವನ್ನೂ ಒಂದೇ ತುಂಡಾಗಿ ಎತ್ತಿದರು. ತುಂಡಿನ ಮೇಲ್ತುದಿಗೆ ದಾರದ ಹೊಲಿಗೆ ಹಾಕಿದರು, ಯಾವ ಪಕ್ಕ ಯಾವುದೆಂದು ಪರೀಕ್ಷಿಸುವವರಿಗೆ ತಿಳಿಯಲಿ ಎಂದು. ಮೂಳೆಯ ಪೊರೆ ಉಳಿದಿದ್ದರಿಂದಲೇ ತೊಡೆಯ ಚರ್ಮದ ತೆಳುಪದರವನ್ನು ಅದರ ಮೇಲೆ ಹಾಸಲು ಸಾಧ್ಯವಾಯಿತು. ಬರೀ ಮೂಳೆಯ ಮೇಲೆ ಹಾಸಿದ ಚರ್ಮ ಬದುಕುವುದಿಲ್ಲ, ಅದಕ್ಕೆ ರಕ್ತ ಸಿಗದು.

ಐದನೆಯ ದಿನ ಕಟ್ಟು ಬಿಚ್ಚುವಾಗ ನಾನಿದ್ದೆ. ನರ್ಸಮ್ಮ ಉಪ್ಪುನೀರಿನಲ್ಲಿ ಗಾಜ್ ಬಟ್ಟೆ ನೆನೆಸಿ ಎಳೆ ಎಳೆಯಾಗಿ ಬಿಡಿಸಿದರು. ಹಾಸುವಾಗ ಬಣ್ಣವಿಲ್ಲದ ಬಿಳಿಯಾಗಿದ್ದ ಪದರ ಈಗ ನೇರಳೆ ಬೆರೆತ ಗುಲಾಬಿ. ಮೊದಲ ಎರಡು ದಿನ ಅದು ಕೆಳಗಿನ ಗಾಯದ ರಸವನ್ನಷ್ಟೇ ಹೀರಿ ಜೀವ ಹಿಡಿದಿರುತ್ತದೆ. ಆಮೇಲೆ ಕೆಳಗಿನ ಸಣ್ಣ ರಕ್ತನಾಳಗಳು ಇದರ ನಾಳಗಳ ಬಾಯಿಗೆ ಬಂದು ಕೂಡಿಕೊಳ್ಳುತ್ತವೆ. ನರ್ಸಮ್ಮ ಬೆರಳಿನಿಂದ ಮೆಲ್ಲಗೆ ಒತ್ತಿದರು: ಬಿಳಿಚಿತು. ಬಿಟ್ಟರು: ಬಣ್ಣ ಮೆಲ್ಲನೆ ಮರಳಿತು. ಕೆಳಮೂಲೆಯಲ್ಲಿ ಒಂದು ಕಾಸಿನಗಲ ಕಪ್ಪಾಗಿ ಉಳಿಯಿತು, ಅಲ್ಲಿ ಪದರ ಹಿಡಿದಿರಲಿಲ್ಲ. ತೊಡೆಯ ಗಾಯ ಎರಡು ವಾರದಲ್ಲಿ ತಾನಾಗಿ ಮಾಯಿತು. ಆಳದಲ್ಲಿ ಉಳಿದಿದ್ದ ಕೂದಲ ಬುಡಗಳಿಂದ ಹೊಸ ಚರ್ಮ ಚುಕ್ಕಿ ಚುಕ್ಕಿಯಾಗಿ ಎದ್ದು ಒಂದಾಯಿತು.

ತೆಗೆದ ತುಂಡಿನ ವರದಿಯಲ್ಲಿ ಅಂಚುಗಳಲ್ಲೂ ತಳದಲ್ಲೂ ಕ್ಯಾನ್ಸರ್ ಇಲ್ಲ ಎಂದಿತ್ತು. ತಾತನಿಗೆ ಅದನ್ನು ಓದಿ ಹೇಳಿದರೆ, "ದನ ಹೊಡ್ಕೊಂಡು ಹೋಗಬೌದಾ ಸಾ?" ಎಂದರು. ಹೊಸ ಚರ್ಮ ಗಟ್ಟಿಯಾಗುವವರೆಗೆ ಕೆಸರಿಗೆ ಇಳಿಯಬೇಡಿ, ಕೊಬ್ಬರಿ ಎಣ್ಣೆ ಹಚ್ಚಿ, ಮೂರು ತಿಂಗಳಿಗೊಮ್ಮೆ ಬನ್ನಿ ಎಂದರು ಡಾಕ್ಟರು. ಈಗ ಹೋದಾಗಲೆಲ್ಲ ಮೊದಲು ತೊಡೆಸಂದಿ, ಆಮೇಲೆ ಕಾಲು. ಕಳೆದ ಸಲ ಎಡಗಾಲಿನ ಪಂಚೆಯನ್ನೂ ಎತ್ತಿಸಿದರು. ಗಿಣ್ಣಿನ ಮೇಲೆ ಅದೇ ಕೊಪ್ಪರಿಗೆಯ ಇನ್ನೊಂದು ಚಿಕ್ಕ ಕಲೆ, ಅದರಲ್ಲಿ ಸಣ್ಣದೊಂದು ಬಿರುಕು. ಉದ್ದ ಅಳೆದು ಚೀಟಿಯಲ್ಲಿ ಬರೆದುಕೊಂಡು, ಮೂರು ವಾರದಲ್ಲಿ ಮುಚ್ಚದಿದ್ದರೆ ಅಲ್ಲಿಂದಲೂ ತುಣುಕು ತೆಗೆಯುತ್ತೇವೆ ಎಂದಿದ್ದಾರೆ.