ಸ್ನಾನಕ್ಕೆ ಹೋಗಲು ತಾರಸಿ ದಾಟಬೇಕು

ಇಂಗ್ಲೆಂಡಿನ ಡರ್ಬಿ ನಗರದಿಂದ ದಕ್ಷಿಣಕ್ಕೆ ಕೆಲವೇ ಮೈಲಿ ಹೋದರೆ ಸ್ವಾರ್ಕ್‌ಸ್ಟೋನ್ ಎಂಬ ಹಳ್ಳಿ. ಪಕ್ಕದಲ್ಲೇ ಟ್ರೆಂಟ್ ನದಿ. ಅಲ್ಲಿ ಸುತ್ತ ಗೋಡೆ ಕಟ್ಟಿದ ಹುಲ್ಲುಬಯಲಿನ ಒಂದು ಬದಿಗೆ ಪುಟ್ಟ ಕಲ್ಲಿನ ಕಟ್ಟಡವೊಂದು ನಿಂತಿದೆ. ಎಡಬಲಕ್ಕೆ ಎರಡು ಗೋಪುರ, ಅವುಗಳ ನೆತ್ತಿಗೆ ಟೋಪಿಯಂಥ ಗುಮ್ಮಟ, ನಡುವೆ ಕಮಾನುಗಳ ಜಗಲಿ, ಜಗಲಿಯ ಮೇಲೊಂದು ಕೋಣೆ. ಇದೇ ಸ್ವಾರ್ಕ್‌ಸ್ಟೋನ್ ಪೆವಿಲಿಯನ್. ಇಬ್ಬರು ಬಂದು ನಾಲ್ಕು ದಿನ ಇದ್ದು ಹೋಗಬಹುದು, ಮೂರನೆಯವರಿಗೆ ಹಾಸಿಗೆಯಿಲ್ಲ.

1630ರ ದಶಕದ ಆರಂಭದಲ್ಲಿ ಇದನ್ನು ಕಟ್ಟಿಸಿದ್ದು ಹಾರ್ಪರ್ ಎಂಬ ಜಮೀನ್ದಾರಿ ಮನೆತನ. ಮುಂದಿನ ಬಯಲಿನಲ್ಲಿ ಚೆಂಡುರುಳಿಸುವ ಆಟ ನೋಡಲೆಂದೋ, ಮನೆಯ ಮದುವೆಯೊಂದರ ನೆನಪಿಗೆಂದೋ, ವಿದ್ವಾಂಸರ ಊಹೆಗಳು ಬೇರೆಬೇರೆ. ಲೆಕ್ಕದ ಪುಸ್ತಕ ಮಾತ್ರ ಖಚಿತ: ಖರ್ಚು 111 ಪೌಂಡ್ 12 ಶಿಲಿಂಗ್ 4 ಪೆನ್ಸ್. ಆ ನಾಲ್ಕು ಪೆನ್ಸನ್ನೂ ಬಿಡದ ಶಾನುಭೋಗನಿಗೆ ನಮಸ್ಕಾರ.

ಕಾಲ ಕಳೆದಂತೆ ಮನೆತನದ ದೊಡ್ಡಮನೆಯೇ ಇಲ್ಲವಾಯಿತು. ಪೆವಿಲಿಯನ್ನಿನ ಸೂರೂ ಹೋಯಿತು. 1968ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದವರು ಇದರ ಮುಂದೆ ನಿಂತು ಫೋಟೊ ತೆಗೆಸಿಕೊಂಡಾಗ ಇದು ಬರೀ ಪಾಳು ಗೋಡೆ.

ಇಂಥವನ್ನು ಎತ್ತಿ ನಿಲ್ಲಿಸುವುದೇ ಲ್ಯಾಂಡ್‌ಮಾರ್ಕ್ ಟ್ರಸ್ಟ್‌ನ ಕಸುಬು. ಬ್ಯಾಂಕರ್ ಜಾನ್ ಸ್ಮಿತ್ ಮತ್ತು ಅವರ ಪತ್ನಿ ಕ್ರಿಶ್ಚಿಯನ್ 1965ರಲ್ಲಿ ಕಟ್ಟಿದ ಸಂಸ್ಥೆ ಇದು. ಅರಮನೆಗಳ ಪರವಾಗಿ ದನಿ ಎತ್ತುವವರು ಎಷ್ಟೋ ಮಂದಿ. ಕಾವಲು ಗೋಪುರ, ಹೆಬ್ಬಾಗಿಲ ಮನೆ, ತೋಟದ ಮಂಟಪಗಳಿಗೆ ಯಾರು ದಿಕ್ಕು? ಸ್ಮಿತ್ ದಂಪತಿ ಕಂಡುಕೊಂಡ ದಾರಿ ಸರಳ: ರಿಪೇರಿ ಮಾಡು, ರಜೆಗೆ ಬರುವವರಿಗೆ ಬಾಡಿಗೆಗೆ ಕೊಡು, ಆ ಹಣದಲ್ಲಿ ಕಟ್ಟಡವನ್ನು ಸಾಕು. ಸ್ವಾರ್ಕ್‌ಸ್ಟೋನ್‌ನ ಸರದಿ ಬಂದದ್ದು 1980ರ ದಶಕದಲ್ಲಿ. ಈಗ ಟ್ರಸ್ಟ್‌ನ ಕೈಯಲ್ಲಿ ಇಂಥ ಸುಮಾರು 200 ಕಟ್ಟಡಗಳಿವೆ. ಒಲೆಯ ಹೊಗೆ ತಾಗದ ಜಂತಿಗೆ ಗೆದ್ದಲು ಬೇಗ ಹತ್ತುತ್ತದೆ ಎನ್ನುವ ನಮ್ಮ ಮಲೆನಾಡಿನ ಅಜ್ಜಿಯರಿಗೆ ಜನ ಬಂದಿದ್ದರೇ ಕಟ್ಟಡ ಉಳಿಯುತ್ತದೆ ಎಂಬ ಈ ಲೆಕ್ಕಾಚಾರ ಥಟ್ಟನೆ ಅರ್ಥವಾದೀತು. ಬೀಗ ಜಡಿದ ನಮ್ಮ ತೊಟ್ಟಿಮನೆಗಳ ವಾರಸುದಾರರಿಗೂ ಅರ್ಥವಾದರೆ ಚೆನ್ನ.

ಟ್ರಸ್ಟ್‌ನ ಮನೆಗಳಲ್ಲಿ ಟಿ.ವಿ. ಇಡುವುದಿಲ್ಲ. ಆ ಊರಿಗೆ ಒಪ್ಪುವ ಪುಸ್ತಕಗಳ ಕಪಾಟು ಇರುತ್ತದೆ. ಜೊತೆಗೊಂದು ದಪ್ಪ ನೋಟ್‌ಬುಕ್. ಹಿಂದೆ ತಂಗಿದ್ದವರು ಕಂಡದ್ದು, ನಡೆದ ದಾರಿ, ಸುರಿದ ಮಳೆ ಎಲ್ಲವನ್ನೂ ಅದರಲ್ಲಿ ಬರೆದಿಟ್ಟು ಹೋಗುತ್ತಾರೆ. ನನ್ನನ್ನು ಕೇಳಿದರೆ, ಹೊಸದಾಗಿ ಮದುವೆಯಾದವರಿಗಿಂತ ಮದುವೆಯಾಗಿ ಇಪ್ಪತ್ತು ವರ್ಷ ದಾಟಿದ ಜೋಡಿಗೆ ಇದು ಹೆಚ್ಚು ಒಗ್ಗುವ ಜಾಗ. ಮಾತಾಡದೆ ಕೂರುವುದು ಅವರಿಗೆ ಆಗಲೇ ರೂಢಿಯಾಗಿರುತ್ತದೆ! ಬೇಸರವಾದರೆ ಹಳ್ಳಿಯ ಹಳೇ ಸೇತುವೆಯವರೆಗೆ ನಡೆದು ಬರಬಹುದು. ಬ್ರಿಟನ್ನಿನ ಸಿಂಹಾಸನಕ್ಕಾಗಿ ಲಂಡನ್ನಿನತ್ತ ಹೊರಟ ರಾಜಕುಮಾರ ಚಾರ್ಲ್ಸ್ ಸ್ಟುವರ್ಟ್‌ನ ದಂಡು 1745ರ ಡಿಸೆಂಬರಿನಲ್ಲಿ ಅಲ್ಲಿವರೆಗೆ ಬಂದು ಹಿಂತಿರುಗಿತ್ತು.

ಇನ್ನು ಬಚ್ಚಲಿನ ಮಾತು. ಅದಿರುವುದು ಒಂದು ಗೋಪುರದ ತುದಿಯಲ್ಲಿ. ಮೆಟ್ಟಿಲು ಹತ್ತಿ, ಬಯಲು ತಾರಸಿ ದಾಟಿಯೇ ಹೋಗಬೇಕು, ನಡುರಾತ್ರಿಯಾದರೂ ಸರಿ, ಜನವರಿಯಾದರೂ ಸರಿ. ರಿಪೇರಿಯ ಹೊತ್ತಿಗೆ ಕೆಳಗೇ ಒಂದು ಬಚ್ಚಲು ತುರುಕಬಹುದಿತ್ತೇನೋ. ತುರುಕಲಿಲ್ಲ, ಕಟ್ಟಡದ ರೂಪ ಕೆಡಲಿಲ್ಲ. ಹೋಗುವವರು ಪೆಟ್ಟಿಗೆಯಲ್ಲಿ ಒಂದು ಛತ್ರಿ ಇಟ್ಟುಕೊಂಡಿರಿ.